ಉಪ್ಪುನೀರಿನ ತೊಟ್ಟಿಗೆ ಕ್ಲೀನರ್ ಮೀನು: ತರುವ ಮುಂಚೆ, ತಂದ ಮೇಲೆ

ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಲ್ಲಿ ನನಗೆ ಮೊದಲ ಕ್ಲೀನರ್ ಮೀನು (ಬೇರೆ ಮೀನುಗಳ ಮೈಮೇಲಿನ ಹುಳು ಹೆಕ್ಕಿ ತಿನ್ನುವ ಮೀನು) ಮಾರಿದವನು ಹೇಳಿದ್ದು ಒಂದೇ ಮಾತು: ‘ಯೇ ಡಾಲೋ, ಸಬ್ ಖಾ ಜಾಯೇಗಾ.’ ಇದನ್ನು ಹಾಕು, ಎಲ್ಲ ತಿಂದುಬಿಡುತ್ತದೆ ಅಂತ. ಆಗ ನಮ್ಮ ಮುಲುಂಡಿನ ಮನೆಯ ತೊಟ್ಟಿಯಲ್ಲಿದ್ದ ನೀಲಿ ಟ್ಯಾಂಗ್ ಎಂಬ ಮೀನಿನ ಮೈಮೇಲೆ ಬಾಂಬೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿದ್ದವು. ಕ್ಲೀನರ್ ತಂದು ಬಿಟ್ಟೆ. ನಾಲ್ಕೇ ದಿನಕ್ಕೆ ಚುಕ್ಕೆ ಮಾಯ. ಮನೆಯವರಿಗೆಲ್ಲ ಕರೆದು ತೋರಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಚುಕ್ಕೆಗಳು ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂದವು. ಟ್ಯಾಂಗ್ ಸತ್ತಿತು. ಹೊಟ್ಟೆಗೆ ಸಾಲದೆ ಕ್ಲೀನರ್ ಕೂಡ ಅದರ ಹಿಂದೆಯೇ ಹೋಯಿತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಅಂತಾರಲ್ಲ, ಆಗಿದ್ದು ಅದೇ. ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೋಕಾರಿಯಾನ್ ಒಂದು ಸೂಕ್ಷ್ಮಜೀವಿ. ಅದು ಮೀನಿನ ಚರ್ಮದ ಮೇಲೆ ಕೂರುವುದಿಲ್ಲ, ಮೇಲ್ಪದರದ ಒಳಗೆ ಹೊಕ್ಕಿರುತ್ತದೆ. ಮೂರರಿಂದ ಏಳು ದಿನ ಅಲ್ಲಿ ತಿಂದುಂಡು, ತಾನಾಗಿಯೇ ಉದುರಿ ತಳಕ್ಕೆ ಹೋಗುತ್ತದೆ. ಅಲ್ಲಿ ಕಲ್ಲು, ಮರಳಿಗೆ ಅಂಟಿಕೊಂಡು ಕೋಶ ಕಟ್ಟಿ, ಒಂದು ನೂರಾರಾಗಿ ಒಡೆದು ಹೊಸ ಮೀನು ಹುಡುಕುತ್ತಾ ಹೊರಡುತ್ತದೆ. ಚುಕ್ಕೆ ಮಾಯವಾಗಿದ್ದು ಈ ಉದುರುವಿಕೆಯಿಂದ. ಹೆಸರು ಮಾತ್ರ ಕ್ಲೀನರ್‌ಗೆ.

ಹಾಗಾದರೆ ಕ್ಲೀನರ್ ಮೀನು ದಂಡವಾ? ಅಲ್ಲ. ಅದು ಪೊರಕೆ, ಔಷಧ ಅಲ್ಲ. ಪೊರಕೆ ಕೆಲಸ ಎಲ್ಲಿದೆ ಅಂತ ಗೊತ್ತಿದ್ದವರಿಗೆ ತುಂಬಾ ಉಪಕಾರಿ.

ಮೊದಲು, ಯಾವ ಕಾಟ ಅಂತ ನೋಡಿ

ಊರಲ್ಲಿ ಎಮ್ಮೆ ಬೆನ್ನ ಮೇಲೆ ಕೂತು ಉಣ್ಣಿ ಹೆಕ್ಕುವ ಕಾಗೆಯನ್ನು ನೋಡಿದ್ದೀರಲ್ಲ? ಕ್ಲೀನರ್ ಮಾಡುವುದು ಅದನ್ನೇ. ಹವಳದ ದಿಬ್ಬದಲ್ಲಿ ಅದಕ್ಕೆ ಒಂದು ಗೊತ್ತಾದ ಜಾಗ ಇರುತ್ತದೆ. ಭಾನುವಾರದ ಕ್ಷೌರದಂಗಡಿಯ ಹಾಗೆ ದೊಡ್ಡ ಮೀನುಗಳು ಅಲ್ಲಿಗೆ ಬಂದು, ಬಾಯಿ ತೆರೆದು, ಕಿವಿರು ಅಗಲಿಸಿ ಕಾಯುತ್ತವೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಅಲೆಕ್ಸಾಂಡ್ರಾ ಗ್ರಟ್ಟರ್ ಎಂಬ ವಿಜ್ಞಾನಿ ಲೆಕ್ಕ ಹಾಕಿ 1996ರಲ್ಲಿ ಪ್ರಕಟಿಸಿದ ಪ್ರಕಾರ, ಒಂದು ಕ್ಲೀನರ್ ದಿನಕ್ಕೆ ಸುಮಾರು 1,200 ಪರಾವಲಂಬಿಗಳನ್ನು ತಿನ್ನುತ್ತದೆ. ಬಹುಪಾಲು ನ್ಯಾಥೀಡ್ ಎಂಬ, ರಕ್ತ ಹೀರುವ ಪುಟ್ಟ ಮರಿಗಳು. ಅಂದರೆ ಮೈಮೇಲೆ ಕೂತಿರುವ, ಕಣ್ಣಿಗೆ ಕಾಣುವಷ್ಟು ದೊಡ್ಡ ಹೇನಿನಂಥವು.

ನಿಮ್ಮ ತೊಟ್ಟಿಗೆ ಬಂದರೆ, ರವೆಕಾಳಿನ ಹಾಗೆ ಬಿಡಿಬಿಡಿ ಚುಕ್ಕೆ ಇದ್ದರೆ ಅದು ವೈಟ್ ಸ್ಪಾಟ್, ಮೇಲೆ ಹೇಳಿದ ಬಿಳಿ ಚುಕ್ಕೆ ರೋಗ. ಜರಡಿ ಹಿಡಿದ ಹಿಟ್ಟಿನ ಧೂಳು ಕೂತ ಹಾಗಿದ್ದು, ಮೀನು ಏದುಸಿರು ಬಿಡುತ್ತಾ, ಬೆಳಕಿಗೆ ಹೆದರುತ್ತಾ, ಪಂಪಿನ ನೀರಿನ ರಭಸಕ್ಕೆ ಮುಖ ಕೊಟ್ಟು ನಿಂತಿದ್ದರೆ ಅದು ವೆಲ್ವೆಟ್ ಎಂಬ ಇನ್ನೊಂದು ರೋಗ. ವೆಲ್ವೆಟ್ ಆದರೆ ಕಾಯಬೇಡಿ, ಎರಡು ಮೂರು ದಿನದಲ್ಲೇ ತೊಟ್ಟಿ ಖಾಲಿ ಮಾಡುತ್ತದೆ. ಈ ಎರಡಕ್ಕೂ ಕ್ಲೀನರ್ ಪ್ರಯೋಜನವಿಲ್ಲ.

ಚುಕ್ಕೆ ಇಲ್ಲದೆ ಮೀನು ಕಲ್ಲಿಗೆ ಮೈ ಉಜ್ಜುತ್ತಿದೆ, ತಲೆ ಒದರುತ್ತಿದೆ, ಕಣ್ಣು ಮಬ್ಬಾಗಿದೆ ಅಂದರೆ ಫ್ಲೂಕ್ ಅನ್ನುವ ಚಪ್ಪಟೆ ಹುಳು ಇರಬಹುದು. ಅನುಮಾನ ತೀರಿಸಿಕೊಳ್ಳಲು ಸಿಹಿನೀರಿನ ಸ್ನಾನ ಇದೆ. ಬಕೆಟ್ಟಿಗೆ ಆರ್‌ಓ ನೀರು ಹಾಕಿ. ತೊಟ್ಟಿಯಷ್ಟೇ ಬೆಚ್ಚಗಿರಲಿ. ಅಡುಗೆ ಸೋಡಾ ಸ್ವಲ್ಪ ಸ್ವಲ್ಪ ಹಾಕುತ್ತಾ ಪಿಎಚ್ ಅನ್ನು ತೊಟ್ಟಿಯ ನೀರಿನಷ್ಟಕ್ಕೇ ಸರಿಹೊಂದಿಸಿ, ಏರ್ ಪಂಪ್ ಹಚ್ಚಿ, ಮೀನನ್ನು 3ರಿಂದ 5 ನಿಮಿಷ ಬಿಡಿ. ತೀರಾ ಒದ್ದಾಡಿದರೆ ಕೂಡಲೇ ತೆಗೆಯಿರಿ. ಫ್ಲೂಕ್ ಇದ್ದರೆ ಬೆಳ್ಳಗಾಗಿ, ಬಿಳಿ ಎಳ್ಳಿನ ಹಾಗೆ ಬಕೆಟ್ ತಳದಲ್ಲಿ ಕಾಣುತ್ತವೆ. ಈ ಹುಳುಗಳ ಮೇಲೆ ಕ್ಲೀನರ್ ನಿಜವಾಗಿ ಕೆಲಸ ಮಾಡುತ್ತದೆ. ಉಪ್ಪುನೀರಿನಲ್ಲಿ ಸಾಕಿದ ಕೆಂಪು ತಿಲಾಪಿಯಾ ಮೇಲಿನ ಫ್ಲೂಕ್‌ಗಳಿಗೆ ಗೋಬಿ ಮತ್ತು ರ‍್ಯಾಸ್ ಎಂಬ ಕ್ಲೀನರ್ ಮೀನುಗಳನ್ನು ಬಿಟ್ಟು ನೋಡಿದ ಪ್ರಯೋಗ 1993ರಲ್ಲೇ ಪ್ರಕಟವಾಗಿದೆ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಸಮುದ್ರ ಹೇನಿಗೆ ಇವತ್ತಿಗೂ ಬ್ಯಾಲನ್ ರ‍್ಯಾಸ್, ಲಂಪ್‌ಫಿಶ್ ಬಿಡುತ್ತಾರೆ.

ಯಾವುದನ್ನು ತರುವುದು

ಅಂಗಡಿಯಲ್ಲಿ ಜಾಸ್ತಿ ಸಿಗುವುದು ಬ್ಲೂಸ್ಟ್ರೀಕ್ ಕ್ಲೀನರ್ ರ‍್ಯಾಸ್. ಬೆರಳುದ್ದದ ಮೀನು, ನೀಲಿ ಮೈ, ಮೂತಿಯಿಂದ ಬಾಲದವರೆಗೆ ಅಗಲವಾಗುತ್ತಾ ಹೋಗುವ ಕಪ್ಪು ಪಟ್ಟೆ. ಚೆಂದ ಇದೆ, ಜಾಣ ಕೂಡ. ಆದರೆ ಮುಂಬೈ ಫ್ಲಾಟಿನ ತೊಟ್ಟಿಗೆ ನಾನು ಇದನ್ನು ಹೇಳುವುದಿಲ್ಲ. ನಾಲ್ಕು ಮೀನಿರುವ ತೊಟ್ಟಿಯಲ್ಲಿ ಅದಕ್ಕೆ ಸಿಗುವ ಹುಳು ಎಷ್ಟು? ಅವು ಮುಗಿದ ಮೇಲೆ ಉಳಿದ ಮೀನುಗಳ ಮೈ ಲೋಳೆಯನ್ನು ಕಚ್ಚಲು ಶುರು ಮಾಡುತ್ತದೆ, ಇಲ್ಲವೇ ಸೊರಗಿ ಸಾಯುತ್ತದೆ. 300 ಲೀಟರಿಗಿಂತ ದೊಡ್ಡ ತೊಟ್ಟಿ, ದೊಡ್ಡ ದೊಡ್ಡ ಮೀನುಗಳು, ದಿನಕ್ಕೆ ಮೂರು ನಾಲ್ಕು ಸಲ ತಿನ್ನಿಸುವ ಪುರುಸೊತ್ತು, ಇಷ್ಟೂ ಇದ್ದರೆ ಮಾತ್ರ ಯೋಚಿಸಿ.

ಇನ್ನೊಂದು ಮಾತು. ಈ ರ‍್ಯಾಸ್‌ಗಳನ್ನು ಹೆಚ್ಚಾಗಿ ಸಮುದ್ರದಿಂದಲೇ ಹಿಡಿದು ತರುತ್ತಾರೆ. ಲಿಜರ್ಡ್ ದ್ವೀಪದಲ್ಲೇ ಕೆಲವು ಹವಳ ದಿಬ್ಬಗಳಿಂದ ಎಂಟೂವರೆ ವರ್ಷ ಕ್ಲೀನರ್‌ಗಳನ್ನು ತೆಗೆಯುತ್ತಾ ಬಂದು ನೋಡಿದರು. ಅಲ್ಲಿ ಉಳಿದ ಮೀನುಗಳ ಸಂಖ್ಯೆಯೂ ಗಾತ್ರವೂ ಕಡಿಮೆಯಾಗಿದ್ದವು. ಒಂದು ಸಣ್ಣ ಮೀನಿನ ಋಣ ಎಷ್ಟು ದೂರ ಹೋಗುತ್ತದೆ ನೋಡಿ.

ನನ್ನ ಆಯ್ಕೆ ನಿಯಾನ್ ಗೋಬಿ. ಅಟ್ಲಾಂಟಿಕ್ ಕಡೆಯದು, ಎರಡು ಇಂಚಿನ ಮೀನು, ಸಾಕಣೆಯಲ್ಲೇ ಮರಿ ಮಾಡುತ್ತದೆ. 50 ಲೀಟರಿನ ತೊಟ್ಟಿಯಲ್ಲೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹುಳು ಸಿಗದಿದ್ದರೆ ನೀವು ಹಾಕಿದ್ದನ್ನು ತಕರಾರಿಲ್ಲದೆ ತಿನ್ನುತ್ತದೆ. ಆಯುಷ್ಯ ಕಡಿಮೆ, ಒಂದೆರಡು ವರ್ಷ. ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಮೊದಲೇ ಹೇಳಿ ತರಿಸಬೇಕಾಗುತ್ತದೆ. ಬೆನ್ನ ಮೇಲೆ ಬಿಳಿ ಗೆರೆ ಇರುವ ಕೆಂಪು ಕ್ಲೀನರ್ ಸಿಗಡಿಯೂ ಒಳ್ಳೆಯದೇ. ಲಯನ್‌ಫಿಶ್, ಟ್ರಿಗರ್, ಗ್ರೂಪರ್ ಇರುವ ತೊಟ್ಟಿಗೆ ಮಾತ್ರ ಅದನ್ನು ಹಾಕಬೇಡಿ. ಅವುಗಳಿಗೆ ಅದು ಊಟ.

ಅಂಗಡಿಯಲ್ಲಿ

ರ‍್ಯಾಸ್ ಅಂತ ಕೊಟ್ಟಿದ್ದು ರ‍್ಯಾಸ್ ಅಲ್ಲದೆಯೂ ಇರಬಹುದು. ಅದರ ವೇಷ ಹಾಕಿಕೊಂಡ ಬ್ಲೆನಿ ಎಂಬ ಬೇರೆ ಮೀನು ಒಂದಿದೆ. ಬಣ್ಣ ಅದೇ, ಪಟ್ಟೆ ಅದೇ, ಈಜುವ ಲಯವೂ ಅದೇ. ಹತ್ತಿರ ಬಂದು ರೆಕ್ಕೆ ಕಚ್ಚಿಕೊಂಡು ಓಡುತ್ತದೆ. ಬಾಯಿ ನೋಡಿ. ನಿಜವಾದ ಕ್ಲೀನರ್ ಬಾಯಿ ಮೂತಿಯ ತುದಿಯಲ್ಲಿ. ಕಳ್ಳನ ಬಾಯಿ ಮೂತಿಯ ಕೆಳಗೆ, ಶಾರ್ಕ್ ಬಾಯಿಯ ಹಾಗೆ.

ಹೊಟ್ಟೆ ಒಳಸರಿದ, ತಲೆಯ ಹಿಂದೆ ಮಾಂಸ ಇಳಿದ ಮೀನು ಬೇಡ. ‘ಒಮ್ಮೆ ತಿನ್ನಿಸಿ ತೋರಿಸಿ’ ಅನ್ನಲು ನಾಚಿಕೆ ಬೇಡ. ತಿನ್ನದಿದ್ದರೆ ಸುಮ್ನೆ ವಾಪಸ್ ಬನ್ನಿ. ತೊಟ್ಟಿಗೆ ಹವಳದ ತುಂಡೋ ‘ಲೈವ್ ರಾಕ್’ ಹೆಸರಿನಲ್ಲಿ ಹಳೆಯ ಹವಳವೋ ತೆಗೆದುಕೊಳ್ಳಿ ಅಂತ ಅಂಗಡಿಯವರು ಒತ್ತಾಯ ಮಾಡಿದರೆ ನೆನಪಿರಲಿ: ನಮ್ಮ ಸಮುದ್ರದ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಸೆರಾಮಿಕ್ ಕಲ್ಲು ಸಾಕು.

ತರುವುದಕ್ಕೆ ಥರ್ಮಾಕೋಲ್ ಡಬ್ಬಿ ಒಯ್ಯಿರಿ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಸಿಎಸ್‌ಎಂಟಿಯಿಂದ ಹೊರಟರೆ ಸ್ಲೋ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ, ಡಬ್ಬಿ ತೊಡೆ ಮೇಲಿರುತ್ತದೆ. ಸಂಜೆ ಆರಕ್ಕೆ ಆ ಸಾಹಸ ಬೇಡ. ನೀವೇ ನಿಲ್ಲಲಾರಿರಿ, ಮೀನಿನ ಗತಿ ಏನು?

ಒಂದು ತಿಂಗಳು ಬೇರೆ ಮನೆ

ತಂದ ಮೀನನ್ನು ನೇರ ದೊಡ್ಡ ತೊಟ್ಟಿಗೆ ಬಿಡದೆ ಒಂದು ತಿಂಗಳು ಬೇರೆ ಇಡುವುದು, ಬಹಳ ಜನ ಬಿಟ್ಟುಬಿಡುವ ಹಂತ ಇದು. ಕ್ಲೀನರ್ ಕೂಡ ರೋಗ ಹೊತ್ತು ತರುತ್ತದೆ. ವೈದ್ಯರಿಗೂ ಜ್ವರ ಬರುತ್ತದಲ್ಲ, ಹಾಗೆ.

40ರಿಂದ 60 ಲೀಟರಿನ ಬರೀ ಗಾಜಿನ ತೊಟ್ಟಿ ಸಾಕು. ಮರಳು, ಕಲ್ಲು ಬೇಡ. ಅಡಗಲು ಪಿವಿಸಿ ಪೈಪಿನ ತುಂಡು. ಒಂದು ಸ್ಪಂಜ್ ಫಿಲ್ಟರ್. ಆ ಸ್ಪಂಜನ್ನು ಮೂರು ನಾಲ್ಕು ವಾರ ಮೊದಲೇ ದೊಡ್ಡ ತೊಟ್ಟಿಯ ಸಂಪಿನಲ್ಲಿ (ನೀರು ಸೋಸುವ ಜೋಡಿ ತೊಟ್ಟಿಯಲ್ಲಿ) ಹಾಕಿಟ್ಟರೆ ಒಳ್ಳೆಯ ಬ್ಯಾಕ್ಟೀರಿಯಾ ಕೂತಿರುತ್ತದೆ. ಇಲ್ಲದಿದ್ದರೆ ಅಮೋನಿಯಾ ಏರಿ ಮೀನು ರೋಗಕ್ಕಿಂತ ಮೊದಲು ಅದರಿಂದಲೇ ಸಾಯುತ್ತದೆ. ಉಷ್ಣತೆ 25ರಿಂದ 27 ಡಿಗ್ರಿ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025. ಸಮುದ್ರ ಪಕ್ಕದಲ್ಲೇ ಇದೆಯಲ್ಲ ಅಂತ ಜುಹುವಿನಿಂದಲೋ ವರ್ಸೋವಾದಿಂದಲೋ ಕ್ಯಾನ್ ತುಂಬಿಸಿಕೊಂಡು ಬರಬೇಡಿ. ಊರಿನ ಚರಂಡಿ ಸೇರುವ ನೀರು ಅದು, ಮಳೆಗಾಲದಲ್ಲಿ ಉಪ್ಪೂ ಇಳಿದಿರುತ್ತದೆ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ.

ಚೀಲವನ್ನು ಕಾಲು ಗಂಟೆ ತೇಲಿಬಿಟ್ಟು, ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪ ತೊಟ್ಟಿ ನೀರು ಸೇರಿಸಿ, ಮೀನನ್ನು ಮಾತ್ರ ಎತ್ತಿ ಹಾಕಿ. ಚೀಲದ ನೀರು ಬಾತ್‌ರೂಮಿಗೆ. ಸಿಗಡಿಗೆ ಇನ್ನೂ ನಿಧಾನ, ಹನಿ ಹನಿಯಾಗಿ ಒಂದೆರಡು ಗಂಟೆ ಬೇಕು.

ಈ ತಿಂಗಳಲ್ಲಿ ನಿಮ್ಮ ಕೆಲಸ ಒಂದೇ, ಊಟ ಕಲಿಸುವುದು. ಫ್ರೋಜನ್ ಮೈಸಿಸ್, ಆರ್ಟೀಮಿಯಾ (ಎರಡೂ ಸಿಗಡಿಯಂಥ ಪುಟ್ಟ ಜೀವಿಗಳು), ಮೀನಿನ ಮೊಟ್ಟೆ, ನುಣ್ಣಗೆ ಕೊಚ್ಚಿದ ಸಿಗಡಿ, ಹೀಗೆ ಒಂದೊಂದೇ ಕೊಟ್ಟು ನೋಡಿ. ರ‍್ಯಾಸ್ ಹಟ ಮಾಡಿದರೆ ಮರುವಾಯಿ (ಕಪ್ಪೆಚಿಪ್ಪು) ಉಪಾಯ ಇದೆ. ಮರುವಾಯಿ ಚಿಪ್ಪು ಬಿಡಿಸಿ, ಮಾಂಸ ಇರುವ ಅರ್ಧವನ್ನು ತೊಟ್ಟಿಯಲ್ಲಿಡಿ. ದೊಡ್ಡ ಮೀನಿನ ಮೈಯಿಂದ ಕಿತ್ತು ತಿನ್ನುವ ಅಭ್ಯಾಸದ ಮೀನು ಇದನ್ನು ಕುಟುಕದೆ ಇರುವುದಿಲ್ಲ. ಉಳಿದಿದ್ದನ್ನು ಎರಡು ಗಂಟೆಯೊಳಗೆ ತೆಗೆಯಿರಿ, ನೀರು ನಾರುತ್ತದೆ. ಮನೆಯಲ್ಲಿ ಸುಕ್ಕ ಮಾಡಲು ತಂದದ್ದರಲ್ಲಿ ನಾಲ್ಕು ಕದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ರೋಗ ಈಗಾಗಲೇ ಒಳಗಿದ್ದರೆ

ವೈಟ್ ಸ್ಪಾಟ್ ಆದರೆ ಎಲ್ಲ ಮೀನನ್ನೂ ಬೇರೆ ತೊಟ್ಟಿಗೆ ಹಾಕಿ ಅಲ್ಲೇ ತಾಮ್ರದ ಔಷಧ ಕೊಡಬೇಕು. ಪ್ರಮಾಣ ಬಾಟಲಿಯಿಂದ ಬಾಟಲಿಗೆ ಬೇರೆ, ಅದರ ಮೇಲೆ ಬರೆದಿದ್ದನ್ನೇ ನಂಬಿ, ದಿನವೂ ಟೆಸ್ಟ್ ಕಿಟ್‌ನಲ್ಲಿ ಅಳೆಯಿರಿ. ಅಂದಾಜಿನ ಮೇಲೆ ಹಾಕುವ ಸಾರಿನ ಉಪ್ಪಲ್ಲ ಅದು. ರ‍್ಯಾಸ್‌ಗಳಿಗೆ ತಾಮ್ರ ಬೇಗ ತಾಗುತ್ತದೆ, ಹಾಗಾಗಿ ನಿಧಾನವಾಗಿ ಏರಿಸಿ. ಸಿಗಡಿ ಇರುವ ತೊಟ್ಟಿಗೆ ಒಂದು ಹನಿಯೂ ಬೀಳಬಾರದು. ದೊಡ್ಡ ತೊಟ್ಟಿಯನ್ನು ಮೀನಿಲ್ಲದೆ ಖಾಲಿ ಬಿಡಬೇಕು. ಹವ್ಯಾಸಿಗಳ ರೂಢಿಯ ಲೆಕ್ಕ 76 ದಿನ. ಗಾಜಿನೊಳಗೆ ಬರೀ ಕಲ್ಲು ನೋಡುತ್ತಾ ಎರಡೂವರೆ ತಿಂಗಳು! ನಾನು ಒಮ್ಮೆ ಮಾಡಿದ್ದೇನೆ. ಮನೆಗೆ ಬಂದವರೆಲ್ಲ ‘ಮೀನು ಎಲ್ಲಿ’ ಅಂತ ಕೇಳುತ್ತಾರೆ.

ಬಿಟ್ಟ ಮೇಲೆ

ಮೊದಲ ಎರಡು ದಿನ ಹಳೆಯ ಮೀನುಗಳು ಓಡಿಸಬಹುದು. ಲೈಟ್ ಆರಿಸಿ ಬಿಡುವುದು ಒಳ್ಳೆಯದು. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಟ್ಯಾಂಗ್ ತಾನೇ ಹತ್ತಿರ ಬಂದು, ಮೈ ಓರೆ ಮಾಡಿ, ಬಣ್ಣ ಸ್ವಲ್ಪ ಬದಲಿಸಿ ನಿಲ್ಲುತ್ತದೆ. ಅದೇ ಕರೆ. ಇದರಲ್ಲಿ ಹುಳು ತೆಗೆಸುವುದರ ಜೊತೆ ಸುಖವೂ ಇದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟ್ಯಾಂಗ್ ಜಾತಿಯ ಮೀನುಗಳ ಹತ್ತಿರ ಅಲ್ಲಾಡುವ ಬೊಂಬೆ ಕ್ಲೀನರ್ ಇಟ್ಟರು. ಅದಕ್ಕೆ ಮೈ ಸವರಿಸಿಕೊಂಡ ಮೀನುಗಳಲ್ಲಿ ಒತ್ತಡದ ಹಾರ್ಮೋನು ಇಳಿದಿತ್ತು. ಬೊಂಬೆ ಅಂತೂ ಒಂದು ಹುಳುವನ್ನೂ ತಿಂದಿಲ್ಲ, ಅಲ್ವಾ?

ಕ್ಲೀನರ್ ಕಂಡರೆ ಉಳಿದ ಮೀನು ಓಡುತ್ತಿವೆ, ಮೈಮೇಲೆ ಕಚ್ಚಿದ ಗುರುತಿದೆ ಅಂದರೆ ಅದಕ್ಕೆ ಹಸಿವು. ಊಟ ಹೆಚ್ಚಿಸಿ. ಆಗಲೂ ನಿಲ್ಲಿಸದಿದ್ದರೆ ದೊಡ್ಡ ತೊಟ್ಟಿ ಇರುವವರಿಗೆ ಕೊಟ್ಟುಬಿಡಿ. ಡೊಂಬಿವಲಿಯಲ್ಲಿರುವ ನಮ್ಮ ಭಾವನ ತೊಟ್ಟಿ 600 ಲೀಟರಿನದು. ಅವರಲ್ಲಿ ಒಂದು ರ‍್ಯಾಸ್ ಚೆನ್ನಾಗಿಯೇ ಇದೆ. ತಂದ ವಾರ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ‘ಮಾರಾಯ, ಇದಕ್ಕೆ ಬೂಸ್ಟು ಹಿಡಿದಿದೆ, ಮೈಗೆಲ್ಲ ಏನೋ ಪೊರೆ. ತೆಗೆದು ತೊಳೆಯಲಾ?’ ಫೋಟೋ ನೋಡಿದೆ. ಕಲ್ಲಿನ ಸಂದಿಯಲ್ಲಿ, ತಾನೇ ಸುರಿಸಿದ ಲೋಳೆಯ ಚೀಲದೊಳಗೆ ಮೀನು ನಿದ್ದೆ ಮಾಡುತ್ತಿತ್ತು. ಆ ಜಾತಿ ದಿನವೂ ಮಲಗುವುದು ಹಾಗೆಯೇ, ಬೆಳಿಗ್ಗೆ ಹರಿದು ಹೊರಗೆ ಬರುತ್ತದೆ. ಟಾರ್ಚ್ ಆರಿಸಿ ನೀವೂ ಮಲಗಿ ಭಾವ, ಅಂದೆ.