ಪದ್ಮಿನಿಯನ್ನು ಓಡಿಸಬೇಕೋ, ಕವರ್ ಹೊದಿಸಿಡಬೇಕೋ

ಷೆಡ್ಡಿನಲ್ಲಿಟ್ಟ ಹಳೇ ಪ್ರೀಮಿಯರ್ ಪದ್ಮಿನಿ ಕಾರನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು ಆಫ್ ಮಾಡುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ತುದಿಯವರೆಗೂ ಕಾದರೆ ಮಾತ್ರ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಹಿಂದಿನ ಡಬ್ಬಿಯಲ್ಲೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ಚೋಕ್ ಎಳೆದಿದ್ದರಂತೂ ಉರಿಯದ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಸಾಕು, ಗೊತ್ತಾಗುತ್ತದೆ.

ನಾನು ಹದಿನೈದು ದಿನಕ್ಕೊಮ್ಮೆ 25 ಕಿ.ಮೀ. ಓಡಿಸುತ್ತೇನೆ, ಅದರಲ್ಲಿ ಹತ್ತಾದರೂ ಟಾಪ್ ಗೇರಿನಲ್ಲಿ. ವಾಪಸ್ ಬಂದ ಮೇಲೆ, ಎಂಜಿನ್ ಓಡುತ್ತಿರುವಾಗಲೇ, ಸೈಲೆನ್ಸರ್ ಬಾಯಿಯ ಕೆಳಗೆ ಹಳೇ ಪೇಪರ್ ಹಾಸಿ ನೋಡುತ್ತೇನೆ. ಹನಿ ಬಿದ್ದರೆ ಇನ್ನೊಂದು ಸುತ್ತು.

ನಿಂತ ಗಾಡಿಯಲ್ಲಿ ಎಂಜಿನ್ನಿಗಿಂತ ಮೊದಲು ಕೈಕೊಡುವುದು ಬ್ರೇಕು. ನಾಲ್ಕೂ ಚಕ್ರಕ್ಕೆ ಡ್ರಮ್. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಡ್ರಮ್ ಬಿಚ್ಚಿದಾಗ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒದ್ದೆಯಿದ್ದರೆ ಒಳಗಿನ ಕಪ್ (ರಬ್ಬರ್ ಸೀಲ್) ಹೋಗಿದೆ. ಕಂದು ಪುಡಿಯಿದ್ದರೆ ಪಿಸ್ಟನ್ ಕಚ್ಚತೊಡಗಿದೆ. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಂಥ ಗುಳಿಯಿದ್ದರೆ ಉಜ್ಜುತ್ತ ಕೂರಬೇಡಿ, ಸಿಲಿಂಡರನ್ನೇ ಬದಲಿಸಿ.

ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ನಿಲ್ಲಿಸಿಡುವುದೇ ವಾಸಿ. ಮೃಗಶಿರಾ ಮಳೆಗೆ ಮೊದಲು ಎಂಜಿನ್ ಆಯಿಲ್ ಬದಲಿಸಿ. ಹಳೇ ಆಯಿಲಿನ ಆಮ್ಲ ಬೇರಿಂಗ್ ತಿನ್ನುತ್ತದೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ನೀರು ಸೇರಿದರೆ ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ, ಹಳೇ ರಬ್ಬರ್ ಪೈಪನ್ನೂ ಪಂಪಿನೊಳಗಿನ ಪೊರೆಯನ್ನೂ (ಡಯಾಫ್ರಮ್) ಕೆಡಿಸುತ್ತದೆ. ಎರಡು ತಿಂಗಳು ಮೀರುವುದಾದರೆ ಟ್ಯಾಂಕ್ ಬಸಿದು, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ. ಬ್ಯಾಟರಿ ಬಿಚ್ಚಿಡಿ, 12.4 ವೋಲ್ಟಿಗಿಂತ ಇಳಿದರೆ ಚಾರ್ಜ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಶೂ ಡ್ರಮ್ಮಿಗೆ ಅಂಟುತ್ತದೆ. ಚಕ್ರಕ್ಕೆ ಕಲ್ಲು ಕೊಡಿ. ಟೈರಿಗೆ 8–10 ಪಿಎಸ್‌ಐ ಹೆಚ್ಚು ಗಾಳಿ ಹಾಕಿ. ಸೈಲೆನ್ಸರ್ ಬಾಯಿಗೂ ಏರ್‌ಕ್ಲೀನರ್ ಮೂತಿಗೂ ತಂತಿ ಜಾಲರಿ ತುರುಕಿ, ಇಲಿಗೆ ಅಷ್ಟು ಬೆಚ್ಚನೆಯ ಮನೆ ಇನ್ನೊಂದಿಲ್ಲ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಅಡಿಯಲ್ಲಿ ಬೆವರುತ್ತದೆ, ಹತ್ತಿಯದೇ ಆಗಬೇಕು.

ಎಪ್ಪತ್ತರ ದಶಕದ ಗಾಡಿಗಳಿಗೆ ಈಗ ಐವತ್ತು ತುಂಬುತ್ತಿದೆ. 2021ರ ನಿಯಮದಂತೆ ಅಷ್ಟು ಹಳೆಯ ಗಾಡಿಯ ವಿಂಟೇಜ್ ನೋಂದಣಿಗೆ ₹20,000, ಅವಧಿ 10 ವರ್ಷ. ಆದರೆ ಆಮೇಲೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಷ್ಟಕ್ಕೇ. ಓಡಿಸುವ ಆಸೆಯಿದ್ದವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಿ.

ಮಳೆ ಮುಗಿದ ಮೇಲೆ ನೇರವಾಗಿ ಕೀ ತಿರುಗಿಸಬೇಡಿ. ಜಾಲರಿ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಚಹದ ಚಮಚದಷ್ಟು ಆಯಿಲ್ ಬಿಟ್ಟು, ನಾಲ್ಕನೇ ಗೇರಿನಲ್ಲಿ ಗಾಡಿಯನ್ನು ಕೈಯಿಂದ ನಿಧಾನ ತಳ್ಳಿ. ಎಂಜಿನ್ ಸಲೀಸಾಗಿ ತಿರುಗಿದ ಮೇಲೆ ಕಿಡಿ ಹಾರದಂತೆ ಕಾಯಿಲ್ ವೈರ್ ಕಳಚಿ, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ಹತ್ತತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪ್ಲಗ್ ಹಾಕುವುದು ಆಮೇಲೆ.