ಡ್ಯಾನಿಷ್ ಸೂಪರ್‌ಲೀಗಾ: ಇಡೀ ಸೀಸನ್‌ನ ಅಂಕಪಟ್ಟಿಯನ್ನು ನೀವೇ ಇಡುವುದು ಹೇಗೆ

ಏಪ್ರಿಲ್ ತಿಂಗಳಲ್ಲಿ ಮೊದಲ ಸಲ ಡೆನ್ಮಾರ್ಕ್‌ನ ಅಗ್ರ ಫುಟ್‌ಬಾಲ್ ಲೀಗ್ ಸೂಪರ್‌ಲೀಗಾದ ಅಂಕಪಟ್ಟಿ ತೆರೆದವರು ಗಲಿಬಿಲಿಗೊಳ್ಳುವುದು ಸಹಜ. ಏಳನೇ ಸ್ಥಾನದ ತಂಡಕ್ಕೆ ಆರನೆಯದಕ್ಕಿಂತ ಹೆಚ್ಚು ಅಂಕ ಇರಬಹುದು, ಆದರೂ ಅದು ಏಳರಲ್ಲೇ ಕೂತಿರುತ್ತದೆ. ಪಟ್ಟಿ ತಪ್ಪಿಲ್ಲ. ಈ ಲೀಗ್‌ನ ನಡುವೆ ಒಂದು ಗೆರೆ ಇದೆ. ಮಾರ್ಚ್‌ನಲ್ಲಿ ಒಮ್ಮೆ ಎಳೆದರೆ ಮೇ ಮುಗಿಯುವವರೆಗೂ ಅದನ್ನು ಯಾರೂ ದಾಟುವಂತಿಲ್ಲ. ಇದನ್ನು ಓದಿ ತಿಳಿಯುವುದಕ್ಕಿಂತ ಒಂದು ಸೀಸನ್ನಿಗೆ ನಿಮ್ಮದೇ ಸ್ಪ್ರೆಡ್‌ಶೀಟ್ ಇಟ್ಟು ನೋಡಿ. ಹೊಂದಿಸಲು ಒಂದು ಸಂಜೆ ಸಾಕು, ಆಮೇಲೆ ಪ್ರತಿ ಸುತ್ತಿಗೆ ಐದು ನಿಮಿಷ.

ಮೊದಲು ಲೆಕ್ಕ. 2020–21ರಿಂದ ಲೀಗ್‌ನಲ್ಲಿ 12 ತಂಡಗಳಿವೆ. ಜುಲೈ ಎರಡನೇ ಭಾಗದಲ್ಲಿ ಶುರುವಾಗುವ ಮೊದಲ ಹಂತಕ್ಕೆ ಡ್ಯಾನಿಷ್‌ನಲ್ಲಿ ‘ಗ್ರುಂಡ್‌ಸ್ಪಿಲ್’ ಎನ್ನುತ್ತಾರೆ. ಪ್ರತಿ ತಂಡವೂ ಉಳಿದ 11 ತಂಡಗಳ ಜೊತೆ ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುತ್ತದೆ: 22 ಸುತ್ತು, ಸುತ್ತಿಗೆ 6 ಪಂದ್ಯ, ಒಟ್ಟು 132. ಆಮೇಲೆ ಮೇಲಿನ ಆರು ತಂಡಗಳು ಚಾಂಪಿಯನ್‌ಷಿಪ್ ಗುಂಪಿಗೆ, ಕೆಳಗಿನ ಆರು ಹಿಂಬಡ್ತಿ (ಕೆಳ ದರ್ಜೆಗೆ ಇಳಿಯುವವರನ್ನು ತೀರ್ಮಾನಿಸುವ) ಗುಂಪಿಗೆ. ಗುಂಪಿನೊಳಗೆ ಮತ್ತೆ ತವರು–ಹೊರಗು ಸೇರಿ ತಂಡಕ್ಕೆ 10 ಪಂದ್ಯ, ಗುಂಪಿಗೆ 30. ಹೀಗೆ ಸೀಸನ್ನಿಗೆ ಒಟ್ಟು 192 ಪಂದ್ಯ, ತಂಡಕ್ಕೆ 32. ಮೊದಲ ಹಂತದ ಅಂಕ, ಗೋಲು ಎಲ್ಲವೂ ಪೂರ್ತಿಯಾಗಿ ಮುಂದಕ್ಕೆ ಬರುತ್ತವೆ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನೋಡಿ ಅಭ್ಯಾಸವಾದವರಿಗೆ ‘ಮೊದಲ ಆರು’ ಎಂದೊಡನೆ ನಾಕೌಟ್ ನೆನಪಾಗುತ್ತದೆ. ಇಲ್ಲಿ ನಾಕೌಟ್ ಇಲ್ಲ, 32 ಪಂದ್ಯದ ಕೊನೆಗೆ ಮೇಲಿರುವವರೇ ಚಾಂಪಿಯನ್.

ಹಾಳೆ ಹೊಂದಿಸುವುದು

ಎರಡು ಹಾಳೆ ಬೇಕು: ಒಂದು ಪಂದ್ಯಗಳಿಗೆ, ಇನ್ನೊಂದು ಪಟ್ಟಿಗೆ. ಪಂದ್ಯಗಳ ಹಾಳೆಯಲ್ಲಿ ಏಳು ಕಾಲಂ ಸಾಕು: ಸುತ್ತು, ದಿನಾಂಕ–ಸಮಯ, ತವರು ತಂಡ, ಅತಿಥಿ ತಂಡ, ತವರು ತಂಡದ ಗೋಲು, ಅತಿಥಿ ತಂಡದ ಗೋಲು, ವ್ಯತ್ಯಾಸ. ಜುಲೈನಲ್ಲಿ 132 ಸಾಲು ತುಂಬಿಸಿ. 23ನೇ ಸುತ್ತಿನಿಂದಾಚೆಗೆ ಯಾರಿಗೆ ಯಾರು ಎಂಬುದು 22 ಮುಗಿಯುವವರೆಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ 60 ಸಾಲು ಖಾಲಿ ಬಿಟ್ಟು, ಸೂತ್ರಗಳ ವ್ಯಾಪ್ತಿಯನ್ನು ಮಾತ್ರ ಈಗಲೇ 192 ಸಾಲಿನವರೆಗೆ ಹಿಗ್ಗಿಸಿಡಿ. ಇದನ್ನು ಮರೆತವರ ಪಟ್ಟಿ ಏಪ್ರಿಲ್‌ನಲ್ಲಿ ಅಲ್ಲಾಡದೆ ನಿಂತುಬಿಡುತ್ತದೆ. ಫಲಿತಾಂಶ ಹಾಕುತ್ತಿರುತ್ತಾರೆ, ಅಂಕ ಏರುವುದಿಲ್ಲ.

ಪಟ್ಟಿಯ ಹಾಳೆಯಲ್ಲಿ 12 ಸಾಲು. ಗೆಲುವು ಎಣಿಸಲು ‘ಕೌಂಟ್‌ಇಫ್ಸ್’ ಸೂತ್ರವನ್ನು ಎರಡು ಸಲ ಬಳಸಿ ಕೂಡಿಸಿ: ತವರು ಕಾಲಂನಲ್ಲಿ ತಂಡದ ಹೆಸರಿದ್ದು ವ್ಯತ್ಯಾಸ ಸೊನ್ನೆಗಿಂತ ಹೆಚ್ಚಿರುವ ಸಾಲುಗಳು, ಅದರ ಜೊತೆ ಅತಿಥಿ ಕಾಲಂನಲ್ಲಿ ಹೆಸರಿದ್ದು ವ್ಯತ್ಯಾಸ ಸೊನ್ನೆಗಿಂತ ಕಡಿಮೆ ಇರುವ ಸಾಲುಗಳು. ಸೋಲಿಗೆ ಇದರ ತಿರುವುಮುರುವು. ಡ್ರಾಕ್ಕೆ ಎರಡೂ ಕಡೆ ವ್ಯತ್ಯಾಸ ಸೊನ್ನೆ. ಗೋಲುಗಳಿಗೆ ‘ಸಮ್‌ಇಫ್ಸ್’. ಗೆಲುವಿಗೆ 3, ಡ್ರಾಕ್ಕೆ 1.

ಬಹುಪಾಲು ಜನ ಮುಗ್ಗರಿಸುವುದು ಡ್ರಾದಲ್ಲಿ. ಆಡದ ಪಂದ್ಯದ ಎರಡೂ ಗೋಲು ಕೋಶ ಖಾಲಿ. ಸ್ಪ್ರೆಡ್‌ಶೀಟ್ ಖಾಲಿಯಲ್ಲಿ ಖಾಲಿಯನ್ನು ಕಳೆದು ಸೊನ್ನೆ ಕೊಡುತ್ತದೆ. ಸೊನ್ನೆ ಎಂದರೆ ಡ್ರಾ! ಸೀಸನ್ ಶುರುವಾಗುವ ಮೊದಲೇ ಎಲ್ಲ ತಂಡಕ್ಕೂ 22 ಡ್ರಾ, 22 ಅಂಕ ಬಂದು ಕೂತಿರುತ್ತವೆ. ವ್ಯತ್ಯಾಸದ ಸೂತ್ರಕ್ಕೆ ‘ಇಫ್’ ಸೇರಿಸಿ: ಗೋಲು ಕೋಶ ಖಾಲಿ ಇದ್ದರೆ ಇದೂ ಖಾಲಿ, ಇಲ್ಲದಿದ್ದರೆ ಮಾತ್ರ ಕಳೆ. 0–0 ಆದ ಪಂದ್ಯಕ್ಕೆ ಸೊನ್ನೆಯನ್ನು ಟೈಪ್ ಮಾಡಲೇಬೇಕು, ಬಿಡುವಂತಿಲ್ಲ.

ಇನ್ನೊಂದು ಕಾಟ ಹೆಸರುಗಳದ್ದು. ಡೆನ್ಮಾರ್ಕ್‌ನವರು ಎಜಿಎಫ್, ಒಬಿ, ಎಎಬಿ ಎಂದು ಬರೆಯುವ ತಂಡಗಳನ್ನು ಹೊರಗಿನ ತಾಣಗಳು ಓರ್ಹುಸ್, ಓಡೆನ್ಸೆ, ಓಲ್‌ಬೋರ್ ಎಂದು ಊರಿನ ಹೆಸರಿನಲ್ಲಿ ಕೊಡುತ್ತವೆ. ಎರಡು ಕಡೆಯಿಂದ ನಕಲು ಮಾಡಿ ಅಂಟಿಸಿದರೆ ಒಂದೇ ತಂಡ ಎರಡಾಗಿ ಒಡೆಯುತ್ತದೆ, ಸೂತ್ರ ಅರ್ಧ ಪಂದ್ಯಗಳನ್ನು ನುಂಗುತ್ತದೆ. ಹೆಸರಿನ ಕೊನೆಗೆ ಕಾಣದಂತೆ ಉಳಿದ ಒಂದು ಖಾಲಿ ಜಾಗವೂ ಇದೇ ಕೆಲಸ ಮಾಡುತ್ತದೆ. ಹೆಸರನ್ನು ಟೈಪ್ ಮಾಡುವುದು ಬಿಟ್ಟು 12 ಹೆಸರಿನ ಡ್ರಾಪ್‌ಡೌನ್ ಪಟ್ಟಿ ಮಾಡಿ ಆರಿಸುವುದೇ ಕ್ಷೇಮ.

ಡ್ಯಾನಿಷ್ ಪಟ್ಟಿಯಿಂದಲೇ ತಾಳೆ ನೋಡುವವರು ಅಕ್ಷರಗಳನ್ನು ಗಮನಿಸಿ: ‘ವಿ’ ಎಂದರೆ ಗೆಲುವು, ‘ಯು’ ಎಂದರೆ ಡ್ರಾ, ‘ಟಿ’ ಎಂದರೆ ಸೋಲು. ‘ಟಿ’ ಕಂಡೊಡನೆ ‘ಟೈ’ ಎಂದುಕೊಂಡು ಸೋತ ತಂಡಕ್ಕೆ ಅಂಕ ಕೊಟ್ಟುಬಿಡಬೇಡಿ.

ಕ್ರಮಾಂಕ ಮತ್ತು ಆ ಗೆರೆ

ಅಂಕ ಸಮವಾದರೆ ಗೋಲು ವ್ಯತ್ಯಾಸ, ಅದೂ ಸಮವಾದರೆ ಹೊಡೆದ ಗೋಲು. ಮೂರು ಮಾನದಂಡಗಳನ್ನು ಒಂದೇ ಸಂಖ್ಯೆಗೆ ಇಳಿಸಿದರೆ ವಿಂಗಡಣೆ ಸುಲಭ: ಅಂಕ × 10,00,000 + ಗೋಲು ವ್ಯತ್ಯಾಸ × 1,000 + ಹೊಡೆದ ಗೋಲು. 40 ಅಂಕ, ವ್ಯತ್ಯಾಸ −3, ಹೊಡೆದದ್ದು 35 ಗೋಲು ಎಂದಾದರೆ 3,99,97,035. ಇದೇ ಕಾಲಂ ಮೇಲೆ ‘ರ‍್ಯಾಂಕ್’ ಸೂತ್ರ ಹಾಕಿ.

22ನೇ ಸುತ್ತು ಮುಗಿದ ರಾತ್ರಿ ಈ ಸಂಖ್ಯೆಗೆ ಒಂದು ತಿದ್ದುಪಡಿ ಬೇಕು. ಪಟ್ಟಿಯಲ್ಲಿ ‘ಗುಂಪು’ ಎಂಬ ಕಾಲಂ ಸೇರಿಸಿ ಮೇಲಿನ ಆರು ತಂಡಗಳಿಗೆ 1, ಉಳಿದವಕ್ಕೆ 0 ಎಂದು ಕೈಯಿಂದ ಬರೆಯಿರಿ. ವಿಂಗಡಣೆ ಸೂತ್ರಕ್ಕೆ ಗುಂಪು × 10,00,00,000 ಕೂಡಿಸಿ. 32 ಪಂದ್ಯವನ್ನೂ ಗೆದ್ದರೆ ಬರುವುದು 96 ಅಂಕ, ಅಂದರೆ ಸೂತ್ರದಲ್ಲಿ ಸುಮಾರು 9.6 ಕೋಟಿ. ಹತ್ತು ಕೋಟಿಯ ಗೋಡೆಯನ್ನು ಕೆಳಗಿನವರು ಏನು ಮಾಡಿದರೂ ಹತ್ತಲಾರರು. ಗುಂಪನ್ನು ಸೂತ್ರದಿಂದ ಕಂಡುಹಿಡಿಯಲು ಹೋಗಬೇಡಿ. ಹೋದರೆ 25ನೇ ಸುತ್ತಿನಲ್ಲಿ ಕೆಳಗಿನ ತಂಡವೊಂದರ ಅಂಕ ಜಾಸ್ತಿಯಾದ ಕೂಡಲೇ ಹಾಳೆ ಅದನ್ನು ಮೇಲಕ್ಕೆ ತಳ್ಳುತ್ತದೆ.

ಹಾಗೆ ಜಾಸ್ತಿಯಾಗುವುದಕ್ಕೆ ಕಾರಣ ಸರಳ. ಮೇಲಿನ ಗುಂಪಿನಲ್ಲಿ ಆರನೆಯವರು ಹತ್ತು ಪಂದ್ಯವನ್ನೂ ತಮಗಿಂತ ಬಲವಾದವರ ಎದುರು ಆಡುತ್ತಾರೆ. ಕೆಳಗಿನ ಗುಂಪಿನ ಮೊದಲಿಗರು ತಮಗಿಂತ ದುರ್ಬಲರ ಎದುರು. ಹೀಗಾಗಿ ಎರಡು ಗುಂಪುಗಳ ಅಂಕವನ್ನು ಹೋಲಿಸುವುದೇ ಅರ್ಥಹೀನ. ಹಾಳೆಯಲ್ಲಿ ಆರರ ಕೆಳಗೆ ದಪ್ಪ ಗೆರೆ ಎಳೆದು, ಅಲ್ಲಿಂದ ಎರಡು ಪಟ್ಟಿ ಎಂದೇ ಓದಿ.

ಪ್ರತಿ ಸುತ್ತಿನ ನಂತರ ಮೂರು ತಾಳೆ ನೋಡಿ. ಎಲ್ಲ ತಂಡಗಳ ಆಡಿದ ಪಂದ್ಯಗಳ ಮೊತ್ತ ನಡೆದ ಪಂದ್ಯಗಳ ಎರಡರಷ್ಟಿರಬೇಕು (22 ಸುತ್ತಿಗೆ 264, ಕೊನೆಗೆ 384). ಗೋಲು ವ್ಯತ್ಯಾಸಗಳ ಮೊತ್ತ ಸೊನ್ನೆ ಆಗಬೇಕು. ಒಟ್ಟು ಅಂಕ = ಪಂದ್ಯಗಳ ಮೂರರಷ್ಟು, ಅದರಲ್ಲಿ ಡ್ರಾ ಆದ ಪಂದ್ಯಗಳ ಸಂಖ್ಯೆ ಕಳೆದದ್ದು. ಮೊದಲನೆಯದು ತಪ್ಪಿದರೆ ಹೆಸರಿನ ದೋಷ, ಎರಡನೆಯದು ಮಾತ್ರ ತಪ್ಪಿದರೆ ಗೋಲು ಕೂಡಿಸುವ ಸೂತ್ರದ ವ್ಯಾಪ್ತಿ ಎಲ್ಲೋ ಜಾರಿದೆ ಎಂದರ್ಥ.

ಗಡಿಯಾರ

ಡೆನ್ಮಾರ್ಕ್ ಭಾರತಕ್ಕಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಬದಲಾವಣೆ ಅಕ್ಟೋಬರ್‌ನ ಮತ್ತು ಮಾರ್ಚ್‌ನ ಕೊನೆಯ ಭಾನುವಾರ. ಅಲ್ಲಿನ ಭಾನುವಾರ ಮಧ್ಯಾಹ್ನ 2ರ ಪಂದ್ಯ ಆಗಸ್ಟ್‌ನಲ್ಲಿ ನಮಗೆ ಸಂಜೆ 5:30, ನವೆಂಬರ್‌ನಲ್ಲಿ 6:30. ಶುಕ್ರವಾರ ಅಥವಾ ಸೋಮವಾರ ಸಂಜೆ 7ರ ಪಂದ್ಯ 10:30 ಅಥವಾ 11:30. ಹಾಳೆಯಲ್ಲಿ ಡ್ಯಾನಿಷ್ ಸಮಯವನ್ನೇ ಇಟ್ಟು, ಭಾರತದ ಸಮಯಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ 3.5/24 ಅಥವಾ 4.5/24 ಕೂಡಿಸಿ. ಜುಲೈನಲ್ಲಿ ಒಂದೇ ಅಂತರ ಹಾಕಿ ಕೂತವರು ನವೆಂಬರ್‌ನಲ್ಲಿ ಒಂದು ಗಂಟೆ ಮೊದಲೇ ಬಂದು ಕಾಯುತ್ತಾರೆ. ಮಾರ್ಚ್ ಕೊನೆಯ ಬದಲಾವಣೆಗೆ ಮಾತ್ರ ಹೆಚ್ಚು ಎಚ್ಚರ ಬೇಕು, ಅದು ಗುಂಪು ಒಡೆಯುವ ಹೊತ್ತಿಗೇ ಬರುತ್ತದೆ, ಆಗ ತಪ್ಪಿದರೆ ಒಂದು ಗಂಟೆ ತಡ.

ಡಿಸೆಂಬರ್ ಮೊದಲ ವಾರದ ಆಸುಪಾಸಿನಲ್ಲಿ ಲೀಗ್ ಚಳಿಗಾಲದ ರಜೆಗೆ ನಿಲ್ಲುತ್ತದೆ, ಫೆಬ್ರುವರಿ ಮಧ್ಯದವರೆಗೆ ಪಂದ್ಯವಿಲ್ಲ. ಆ ಹೊತ್ತಿಗೆ 17 ಅಥವಾ 18 ಸುತ್ತು ಮುಗಿದಿರುತ್ತದೆ, ಅಂದರೆ ವಸಂತದಲ್ಲಿ ಗೆರೆ ಎಳೆಯುವ ಮುಂಚೆ ಉಳಿದಿರುವುದು ನಾಲ್ಕೈದು ಪಂದ್ಯ ಮಾತ್ರ. ನಡುವೆ ಜನವರಿಯ ವರ್ಗಾವಣೆ ಅವಧಿ. ಡ್ಯಾನಿಷ್ ಕ್ಲಬ್‌ಗಳು ಆಟಗಾರರನ್ನು ಬೆಳೆಸಿ ಮಾರುವುದರ ಮೇಲೇ ಬಹುಮಟ್ಟಿಗೆ ಬದುಕುತ್ತವೆ. ಡಿಸೆಂಬರ್‌ನಲ್ಲಿ ನೋಡಿದ ಹನ್ನೊಂದು ಮಂದಿ ಫೆಬ್ರುವರಿಯಲ್ಲಿ ಇರುತ್ತಾರೆ ಎಂಬ ಖಾತ್ರಿ ಇಲ್ಲ. ‘ಕೊನೆಯ 5 ಪಂದ್ಯಗಳ ಲಯ’ ಎಂಬ ಕಾಲಂ ಇಟ್ಟಿದ್ದರೆ ರಜೆಯ ನಂತರ ಅದನ್ನು ಅಳಿಸಿ ಹೊಸದಾಗಿ ಶುರುಮಾಡಿ.

ಯುರೋಪಿನ ಟಿಕೆಟ್: ಪೆನ್ಸಿಲ್‌ನಲ್ಲಿ ಬರೆಯಿರಿ

ಯುರೋಪಿನ ಟೂರ್ನಿಗಳಲ್ಲಿ ಡೆನ್ಮಾರ್ಕ್‌ಗೆ ಎಷ್ಟು ಸ್ಥಾನ, ಯಾವ ಹಂತದಿಂದ ಎಂಬುದು ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಯೆಫಾದ ಶ್ರೇಯಾಂಕದ ಮೇಲೆ ಬದಲಾಗುತ್ತದೆ. ಹಿಂದಿನ ವರ್ಷ ಈ ಸ್ಥಾನಗಳಿಗೆ ಪಟ್ಟಿಯಲ್ಲಿ ಬಳಿದ ಬಣ್ಣಗಳನ್ನು ಹಾಗೇ ನಕಲು ಮಾಡಬಾರದು. ಬದಲಾಗದೆ ಉಳಿದಿರುವ ಚೌಕಟ್ಟು ಇಷ್ಟು: ಮೇಲಿನ ಸ್ಥಾನಗಳಿಗೆ ಲೀಗ್‌ನಿಂದ ಟಿಕೆಟ್, ಡ್ಯಾನಿಷ್ ಕಪ್ (ಲೀಗ್‌ನಿಂದ ಬೇರೆಯಾದ ನಾಕೌಟ್ ಟೂರ್ನಿ) ಗೆದ್ದವರಿಗೆ ಒಂದು, ಕೊನೆಯದೊಂದಕ್ಕೆ ಒಂದೇ ಪಂದ್ಯದ ಪ್ಲೇ-ಆಫ್. ಈ ಪ್ಲೇ-ಆಫ್‌ಗೆ ಕೆಳಗಿನ ಗುಂಪಿನ ಮೊದಲಿಗರು, ಅಂದರೆ ಏಳನೆಯವರು, ಬರುತ್ತಾರೆ. ಕೆಳಗಿನ ಗುಂಪಿಗೆ ಬಿದ್ದರೂ ಯುರೋಪ್ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. 2022–23ರಲ್ಲಿ ಏಳನೆಯವರಾಗಿ ಮುಗಿಸಿದ ಮಿಡ್‌ಟ್ಯುಲ್ಯಾಂಡ್, ವಿಬೋರ್ಗ್ ತಂಡವನ್ನು ಸೋಲಿಸಿ ಈ ದಾರಿಯಲ್ಲೇ ಹೋಯಿತು.

ಎದುರಾಳಿ ಯಾರು ಎಂಬುದನ್ನು ಕಪ್ ಫೈನಲ್ ಅಲುಗಾಡಿಸುತ್ತದೆ. 2024ರಲ್ಲಿ ಕಪ್ ಗೆದ್ದದ್ದು ಲೀಗ್‌ನಲ್ಲಿ ಆರನೇ ಸ್ಥಾನದ ಸಿಲ್ಕೆಬೋರ್ಗ್. ಒಂದು ಟಿಕೆಟ್ ಅವರ ಪಾಲಾದ್ದರಿಂದ ಮೂರನೇ ಸ್ಥಾನದ ಎಫ್‌ಸಿ ಕೋಪನ್‌ಹೇಗನ್ ಪ್ಲೇ-ಆಫ್ ಆಡಬೇಕಾಯಿತು. ಮರುವರ್ಷ ಅದೇ ಕೋಪನ್‌ಹೇಗನ್ ಲೀಗ್, ಕಪ್ ಎರಡನ್ನೂ ಗೆದ್ದಾಗ ಲೆಕ್ಕ ಬೇರೆಯೇ ಆಯಿತು. ಆದ್ದರಿಂದ ಹಾಳೆಯಲ್ಲಿ ‘ಕಪ್ ವಿಜೇತ’ ಎಂದು ಒಂದು ಕೋಶ ಇಟ್ಟು, ಅದು ತುಂಬುವವರೆಗೆ ಮೂರು ಮತ್ತು ನಾಲ್ಕನೇ ಸ್ಥಾನಕ್ಕೆ ಬಣ್ಣ ಬಳಿಯಬೇಡಿ.

ಕೊನೆಯ ದಿನದ ಚೌಕ

ಅಂತರ ಉಳಿದ ಪಂದ್ಯಗಳ ಮೂರರಷ್ಟನ್ನು ಮೀರಿದರೆ ಮಾತ್ರ ‘ಮುಗಿಯಿತು’ ಎನ್ನಬಹುದು. ಗುಂಪು ಒಡೆದಾಗ ಪ್ರತಿ ತಂಡಕ್ಕೂ ಇನ್ನೂ 30 ಅಂಕ ಬಾಕಿ ಇರುತ್ತದೆ, ಎಂಟು ಅಂಕದ ಮುನ್ನಡೆ ಏನೂ ಅಲ್ಲ. ಸ್ಪರ್ಧಿಗಳು ಪರಸ್ಪರ ಎರಡು ಸಲ ಆಡುವುದರಿಂದ ಆರು ಅಂಕದ ಅಂತರ ಆ ಎರಡು ಪಂದ್ಯಗಳಲ್ಲೇ ಅಳಿಸಿಹೋಗಬಹುದು.

ಕೊನೆಯ ಸುತ್ತಿಗೆ 3×3 ಚೌಕ ಬರೆಯಿರಿ: ಅಡ್ಡಕ್ಕೆ ಒಂದು ತಂಡದ ಗೆಲುವು, ಡ್ರಾ, ಸೋಲು, ಉದ್ದಕ್ಕೆ ಇನ್ನೊಂದರದ್ದು. 26 ಮೇ 2024ರದ್ದು ಒಳ್ಳೆಯ ಮಾದರಿ. ಬ್ರೊಂಡ್ಬಿ ಮತ್ತು ಮಿಡ್‌ಟ್ಯುಲ್ಯಾಂಡ್ ಇಬ್ಬರಿಗೂ 62 ಅಂಕ, ಗೋಲು ವ್ಯತ್ಯಾಸದಲ್ಲಿ ಬ್ರೊಂಡ್ಬಿ ಮುಂದೆ. ಒಂಬತ್ತು ಮನೆ ತುಂಬಿ ನೋಡಿ. ಇಬ್ಬರ ಫಲಿತಾಂಶವೂ ಒಂದೇ ಆದ ಮೂರು ಮನೆ, ಬ್ರೊಂಡ್ಬಿ ಮೇಲಾದ ಮೂರು ಮನೆ, ಒಟ್ಟು ಆರು ಬ್ರೊಂಡ್ಬಿಗೆ. ಮಿಡ್‌ಟ್ಯುಲ್ಯಾಂಡ್‌ಗೆ ಮೂರೇ ಮನೆ. ಬ್ರೊಂಡ್ಬಿ ತವರಿನಲ್ಲೇ ಎಜಿಎಫ್‌ಗೆ 2–3ರಿಂದ ಸೋತಿತು, ಮಿಡ್‌ಟ್ಯುಲ್ಯಾಂಡ್ ಸಿಲ್ಕೆಬೋರ್ಗ್ ಜೊತೆ 3–3 ಡ್ರಾ ಮಾಡಿಕೊಂಡಿತು. 63–62, ಆ ಮೂರು ಮನೆಗಳಲ್ಲೊಂದು ತುಂಬಿತು. ಕೊನೆಯ ಸುತ್ತಿನಲ್ಲಿ ಗುಂಪಿನ ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗುವುದರಿಂದ ಈ ಚೌಕ ಪಕ್ಕದಲ್ಲಿದ್ದರೆ ಪ್ರತಿ ಗೋಲಿಗೂ ಯಾವ ಮನೆಗೆ ಸರಿದೆವು ಎಂದು ಬೆರಳಿಟ್ಟು ನೋಡಬಹುದು.

ಹಳೆಯ ಸೀಸನ್‌ಗಳ ಜೊತೆ ಹೋಲಿಸುವ ಆಸೆ ಬಂದರೆ ಸ್ವಲ್ಪ ತಡೆಯಿರಿ. 1995–96ರಿಂದ 2015–16ರವರೆಗೆ 12 ತಂಡ, 33 ಸುತ್ತು. ಆಮೇಲೆ ನಾಲ್ಕು ಸೀಸನ್ 14 ತಂಡ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಂತೂ ವಸಂತಕ್ಕೆ ಹೋಗುವಾಗ ಅಂಕವನ್ನು ಅರ್ಧಕ್ಕೆ ಇಳಿಸುತ್ತಿದ್ದರು. 32 ಪಂದ್ಯಗಳ ಈಗಿನ ಪದ್ಧತಿಯೊಳಗೇ ಚಾಂಪಿಯನ್ನರ ಅಂಕ 2021–22ರಲ್ಲಿ 68, 2022–23ರಲ್ಲಿ 59. ಎರಡೂ ಸಲ ಕೋಪನ್‌ಹೇಗನ್.

ಮೇ ಮುಗಿದ ಮೇಲೆ ಹಾಳೆಯ ಒಂದು ಪ್ರತಿ ತೆಗೆದಿಟ್ಟು, ಕೆಳಗಿನ ಎರಡು ಹೆಸರು ತೆಗೆಯಿರಿ. ಹಿಂಬಡ್ತಿ ನೇರ, ಬಚಾವಾಗಲು ಪ್ಲೇ-ಆಫ್ ಇಲ್ಲ. ಮೇಲೇರುವ ಎರಡು ತಂಡಗಳನ್ನು ‘1. ಡಿವಿಷನ್’ ಪಟ್ಟಿಯಿಂದ ತೆಗೆದುಕೊಳ್ಳಿ. ಹೆಸರಲ್ಲಿ ಒಂದು ಇದ್ದರೂ ಅದು ಎರಡನೇ ದರ್ಜೆ. 2025ರಲ್ಲಿ ಲಿಂಗ್ಬಿ ಮತ್ತು ಎಎಬಿ ಇಳಿದು, ಒಬಿ ಮತ್ತು ಫ್ರೆಡೆರಿಸಿಯಾ ಏರಿದವು. ಗೋಲು ಕಾಲಂಗಳನ್ನು ಖಾಲಿ ಮಾಡಿ, ಗುಂಪು ಕಾಲಂನಲ್ಲಿ ಎಲ್ಲರಿಗೂ 0 ಹಾಕಿ. ಹಳೆಯ 1 ಉಳಿದುಬಿಟ್ಟರೆ ಜುಲೈನ ಮೊದಲ ಸುತ್ತಿನಲ್ಲೇ ಹೋದ ವರ್ಷದ ಆರು ತಂಡಗಳು ಮೇಲೆ ಹೋಗಿ ಕೂರುತ್ತವೆ.