ಲಡಾಖ್ ದಾರಿಗೆ ಜಿಮ್ನಿ ತಯಾರು ಮಾಡಿದ್ದು: ಮೊದಲು ತೂಕದ ಲೆಕ್ಕ

ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಗಾಡಿ ತಗೊಳ್ಳುವವರು ಗ್ರೌಂಡ್ ಕ್ಲಿಯರೆನ್ಸ್ ಕೇಳುತ್ತಾರೆ, ಎಂಜಿನ್ ಪವರ್ ಕೇಳುತ್ತಾರೆ, ನೀರಲ್ಲಿ ಎಷ್ಟು ಆಳ ಇಳಿಯುತ್ತದೆ ಅಂತಲೂ ಕೇಳುತ್ತಾರೆ. ಎಷ್ಟು ಭಾರ ಹೊರುತ್ತದೆ ಅಂತ ಕೇಳುವವರು ಕಮ್ಮಿ. ಬೆಂಗಳೂರಿಂದ ಸ್ಪಿತಿ, ಲಡಾಖ್ ಕಡೆಗೆ ಸ್ವಂತ ಗಾಡಿಯಲ್ಲಿ ಹೋಗುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ನಾನು ನೋಡಿದ್ದು ಮಹೀಂದ್ರ ಥಾರ್, ಫೋರ್ಸ್ ಗೂರ್ಖಾ, ಮಾರುತಿ ಜಿಮ್ನಿ ಮತ್ತು ಹಳೇ ಮಾರುತಿ ಜಿಪ್ಸಿ. ಜಿಪ್ಸಿ ಮೇಲೆ ಪ್ರೀತಿ ಇದೆ, 1985ರಿಂದ ನಮ್ಮ ರಸ್ತೆಯಲ್ಲಿದ್ದ ಗಾಡಿ ಅದು, ಆದರೆ ಹೊಸದು ಈಗ ಸಿಗುವುದಿಲ್ಲ, ಹಳೆಯದರಲ್ಲಿ ತುಕ್ಕು ಹಿಡಿಯದ ಬಾಡಿ ಹುಡುಕುವುದೇ ಒಂದು ಕೆಲಸ. ಗೂರ್ಖಾದಲ್ಲಿ ಹಿಂದೆ ಮುಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ (ಒಂದು ಚಕ್ರ ಜಾರಿದರೂ ಜೊತೆಯದು ತಿರುಗುವಂತೆ ಮಾಡುವುದು) ಇದೆ, ಸ್ನಾರ್ಕಲ್ (ನೀರಿನ ಮೇಲಿಂದ ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆ) ಕಂಪನಿಯಿಂದಲೇ ಬರುತ್ತದೆ, ನಿಜವಾದ ಗಟ್ಟಿ ಗಾಡಿ. ಥಾರ್ ಡೀಸೆಲ್‌ಗೆ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವುದರಿಂದ ಎತ್ತರದಲ್ಲಿ ಅಷ್ಟು ಸುಸ್ತಾಗುವುದಿಲ್ಲ. ಆದರೂ ನಾನು ಐದು ಬಾಗಿಲಿನ ಜಿಮ್ನಿ ತಗೊಂಡೆ. ಗಾಡಿಯ ತೂಕ ಸುಮಾರು 1,200 ಕೆಜಿ ಅಷ್ಟೇ. ನಮ್ಮ ಮಲೆನಾಡಿನ ಹುದುಲಿನಲ್ಲಿ ಭಾರದ ಗಾಡಿ ಹೂತುಕೊಳ್ಳುವ ಕಡೆ ಇದು ಮೇಲೆಮೇಲೆ ದಾಟಿಬಿಡುತ್ತದೆ. ಅಗಲ 1,645 ಮಿಮೀ, ಸ್ಪಿತಿಯಲ್ಲಿ ಒಂದು ಕಡೆ ಬಂಡೆ ಒಂದು ಕಡೆ ಪ್ರಪಾತ ಇರುವಲ್ಲಿ ಎದುರಿಂದ ಲಾರಿ ಬಂದಾಗ ಆ ಕಿರಿದು ಮೈ ಎಷ್ಟು ಉಪಕಾರ ಅಂತ ಗೊತ್ತಾಗುತ್ತದೆ. ಇನ್ನೊಂದು ಕಾರಣ, ಅದೇ ಕೆ15ಬಿ ಎಂಜಿನ್ ಹಿಂದಿನ ಎರ್ಟಿಗಾ, ಬ್ರೆಝಾದಲ್ಲೂ ಇತ್ತು. ಸಣ್ಣ ಊರಿನ ಮೆಕ್ಯಾನಿಕ್‌ಗೂ ಪರಿಚಯದ ಎಂಜಿನ್.

ಈಗ ಲೆಕ್ಕ. ಜಿಮ್ನಿಯ ಒಟ್ಟು ತೂಕದ ಮಿತಿ 1,545 ಕೆಜಿ. ಗಾಡಿಯ ಸ್ವಂತ ತೂಕ ಕಳೆದರೆ ಉಳಿಯುವುದು ಸುಮಾರು 345. ನಾನು ಮತ್ತು ನಮ್ಮ ಭಾವ, ದಪ್ಪ ಜಾಕೆಟ್ಟು ಸೇರಿ 150 ಅಂತ ಇಟ್ಟುಕೊಳ್ಳಿ. ಮಿಕ್ಕಿದ್ದು 195. ನೀರು, ಪೆಟ್ರೋಲ್ ಕ್ಯಾನ್, ಅಡುಗೆ ಸಾಮಾನು, ಹಾಸಿಗೆ, ಪಾನಾ, ಜಾಕಿ ಎಲ್ಲವೂ ಅದರೊಳಗೇ ಬರಬೇಕು. ಛಾವಣಿ ಮೇಲಿನ ಟೆಂಟ್ ಒಂದೇ 50-60 ಕೆಜಿ ಇರುತ್ತದೆ, ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅಲ್ಲೇ ಹೋಯಿತು, ಅದೂ ತೀರಾ ಮೇಲೆ, ಗಾಡಿ ಪಕ್ಕಕ್ಕೆ ವಾಲುವ ಜಾಗದಲ್ಲಿ. ನಾವು ನೆಲದ ಟೆಂಟ್ ತಗೊಂಡೆವು. ಮಳೆ ಬಂದರೆ ಮುಂದಿನ ಸೀಟಿನ ಹೆಡ್‌ರೆಸ್ಟ್ ತೆಗೆದು ಪೂರ್ತಿ ಹಿಂದಕ್ಕೆ ಮಲಗಿಸಿದರೆ ಹಿಂದಿನ ಸೀಟಿಗೆ ಕೂಡಿಕೊಳ್ಳುತ್ತದೆ, ಹೇಗೋ ರಾತ್ರಿ ಕಳೆಯಬಹುದು. ಸಿಕ್ಕಿಕೊಂಡ ಗಾಡಿ ಎಳೆಯುವ ವಿಂಚ್ ಕೂಡ ಬಿಟ್ಟೆ, ಬ್ರಾಕೆಟ್ ಸೇರಿ ಮೂತಿ ಮೇಲೆ 35-40 ಕೆಜಿ ಅದು. ಹೊರಡುವ ಮೊದಲು ಟ್ಯಾಂಕ್ ತುಂಬಿಸಿ, ಎಲ್ಲ ಸಾಮಾನು ಹೇರಿ, ಇಬ್ಬರೂ ಕೂತು ವೇಬ್ರಿಡ್ಜ್ ಮೇಲೆ ನಿಂತೆವು. ಜಲ್ಲಿ ಲಾರಿಗಳ ಸಾಲಿನಲ್ಲಿ ಐದು ನಿಮಿಷದ ಕೆಲಸ, ಎಲ್ಲರೂ ಮಾಡಲೇಬೇಕು.

ದುಡ್ಡು ಖರ್ಚು ಮಾಡಿದ್ದು ಟೈರಿಗೆ. ಕಂಪನಿ ಕೊಡುವುದು 195/80 ಆರ್15. ನಾನು 215/75 ಆರ್15 ಆಲ್ ಟೆರೇನ್ ಹಾಕಿಸಿದೆ. ಎತ್ತರದಲ್ಲಿ ವ್ಯತ್ಯಾಸ ಸುಮಾರು 10 ಮಿಮೀ, ಗಾಡಿ ಮೇಲೇರುವುದು ಅದರ ಅರ್ಧ ಮಾತ್ರ. ಹಾಗಾಗಿ ಎತ್ತರಕ್ಕಾಗಿ ಅಲ್ಲ, ಪಕ್ಕದ ಗೋಡೆ ಗಟ್ಟಿ ಇರುತ್ತದೆ ಅಂತ ಹಾಕಿಸಿದ್ದು. ಚೂಪು ಕಲ್ಲಿನ ದಾರಿಯಲ್ಲಿ ಟೈರ್ ಪಕ್ಕದಲ್ಲಿ ಸೀಳಿದರೆ ಪಂಚರ್ ಕಿಟ್ ಕೆಲಸಕ್ಕೆ ಬರುವುದಿಲ್ಲ. ಸ್ಟೆಪ್ನಿಗೂ ಅದೇ ಸೈಜು ಹಾಕಿಸಿ. ಫೋರ್ ಬೈ ಫೋರ್‌ನಲ್ಲಿ ಒಂದು ಚಕ್ರ ಬೇರೆ ಸೈಜು ಇದ್ದರೆ ಗೇರ್ ಭಾಗಗಳಿಗೆ ಏಟು.

ಗಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೇಜ್ ತೋರಿಸುವುದು ಟೈರ್ ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸ. ಬೆಂಗಳೂರು 900 ಮೀಟರ್ ಎತ್ತರ, ಸ್ಪಿತಿಗೆ ಹೋಗುವ ಕಣಿವೆ ದಾರಿ ಕುಂಜುಮ್ ಲಾ ಸುಮಾರು 4,500. ಹೊರಗಿನ ಗಾಳಿ ತೆಳುವಾಗುವುದರಿಂದ ಇಲ್ಲಿ ಹೊಡೆಸಿದ ಗಾಳಿಯೇ ಅಲ್ಲಿ 4-5 ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಬೆಳಿಗ್ಗೆ ಚಳಿಯಲ್ಲಿ ಮತ್ತೆ ಇಳಿಯುತ್ತದೆ, ಮಧ್ಯಾಹ್ನ ಬಿಸಿಲಿಗೆ ಏರುತ್ತದೆ. ಅದಕ್ಕೇ ಗೇಜ್ ಮತ್ತು ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಕಂಪ್ರೆಸರ್ ಇಟ್ಟುಕೊಂಡೆ, ಸಿಗರೇಟ್ ಸಾಕೆಟ್‌ನದ್ದು ಸಾಲದು, ಫ್ಯೂಸ್ ಹೋಗುತ್ತದೆ. ಕಲ್ಲು, ಮರಳು, ಕೆಸರು ಬಂದಾಗ 18-20ಕ್ಕೆ ಇಳಿಸಿ ನಿಧಾನ ಹೋಗಿ, ಟಾರು ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಿಸಿ. ಇದಕ್ಕಿಂತ ದೊಡ್ಡ ಉಪಾಯ ಆಫ್‌ರೋಡ್‌ನಲ್ಲಿ ಇನ್ನೊಂದಿಲ್ಲ.

ಎತ್ತುವ ಎಳೆಯುವ ಸಾಮಾನಿನಲ್ಲಿ ತೂಕ ಬರೆದಿರುವ ಎರಡು ಶ್ಯಾಕಲ್ (ಹಗ್ಗ ಸಿಕ್ಕಿಸುವ ಕೊಂಡಿ), ಒಂದು ಕೈನೆಟಿಕ್ ಹಗ್ಗ (ಎಳೆದಾಗ ಹಿಗ್ಗುವಂಥದ್ದು), ಚಕ್ರದಡಿ ಹಾಕುವ ಎರಡು ಹಲಗೆ, ಒಂದು ಸಣ್ಣ ಸಲಿಕೆ. ಜಾಕಿ ಕೆಳಗೆ ಇಡಲು ಒಂದು ಗಟ್ಟಿ ಮರದ ತುಂಡು, ಇಲ್ಲದಿದ್ದರೆ ಮೆತ್ತನೆ ನೆಲದಲ್ಲಿ ಗಾಡಿ ಏಳುವ ಬದಲು ಜಾಕಿ ಇಳಿಯುತ್ತದೆ. ಹಗ್ಗ ಎಳೆಯುವಾಗ ಮಧ್ಯದಲ್ಲಿ ಒಂದು ಕಂಬಳಿ ಹಾಕಿ, ಸುತ್ತ ಯಾರನ್ನೂ ನಿಲ್ಲಿಸಬೇಡಿ, ಕೊಂಡಿ ಕಿತ್ತು ಬಂದರೆ ಜೀವ ತೆಗೆಯುತ್ತದೆ.

ಗಾಡಿ ಎತ್ತರಿಸುವುದು, ಮೂತಿಗೆ ಹಾಕುವ ಕಬ್ಬಿಣದ ಬುಲ್ ಬಾರ್, ಇವು ಬೇಡ. ಬುಲ್ ಬಾರ್ 2017ರಿಂದಲೇ ನಿಷೇಧ. ಕಂಪನಿ ಕೊಟ್ಟ ರೂಪ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅಪಘಾತವಾದಾಗ ಇನ್ಶೂರೆನ್ಸ್ ತಕರಾರು ಯಾಕೆ ಬೇಕು?

ಜಿಮ್ನಿಗೆ ಟರ್ಬೊ ಇಲ್ಲ. ಲೇಹ್ ದಾರಿಯ ತಂಗ್ಲಂಗ್ ಲಾ 5,300 ಮೀಟರಿಗಿಂತ ಎತ್ತರ, ಅಲ್ಲಿ ಎಂಜಿನ್ನಿನ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಇದನ್ನು ಒಪ್ಪಿಕೊಂಡೇ ತಗೊಳ್ಳಬೇಕು. ಕಡಿದಾದ ಕಚ್ಚಾ ಏರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಗೇರ್) ಹಾಕಿದರೆ ಕ್ಲಚ್ ಸುಡದೆ ಸಲೀಸಾಗಿ ಹತ್ತುತ್ತದೆ. ಟ್ಯಾಂಕ್ 40 ಲೀಟರ್. ಕೀಲಾಂಗ್ ಹತ್ತಿರದ ತಾಂಡಿ ಪಂಪಿನಲ್ಲಿ ‘ಮುಂದಿನ ಪಂಪ್ 365 ಕಿಮೀ’ ಅಂತ ಬೋರ್ಡು ಹಾಕಿರುವುದು ತುಂಬ ಜನರಿಗೆ ಗೊತ್ತು. ನೇರ ಲೇಹ್‌ಗೆ ಹೋದರೆ ಒಂದು ಟ್ಯಾಂಕ್ ಸಾಕಾಗಬಹುದು, ತ್ಸೊ ಮೊರಿರಿ ಸರೋವರದ ಕಡೆ ತಿರುಗಿದರೆ ಸಾಲದು. ಒಂದು ಲೋಹದ ಕ್ಯಾನಿನಲ್ಲಿ ಹತ್ತು ಲೀಟರ್ ಒಯ್ದೆವು, ಅದನ್ನು ಜನ ಕೂರುವ ಜಾಗದಲ್ಲಿ ಇಡಲಿಲ್ಲ.

ಅಡುಗೆಗೆ ಸಣ್ಣ ಕುಕ್ಕರ್ ಬೇಕೇ ಬೇಕು. 4,500 ಮೀಟರಿನಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಅನ್ನ ಸರಿಯಾಗಿ ಬೇಯುವುದಿಲ್ಲ. ಅವಲಕ್ಕಿ, ಹುರಿಟ್ಟು, ಚಟ್ನಿಪುಡಿ ಇದ್ದರೆ ಒಲೆ ಹಚ್ಚದೆಯೂ ಹೊಟ್ಟೆ ತುಂಬುತ್ತದೆ, ತೂಕವೂ ಕಮ್ಮಿ.

ಹಿಮ ಕರಗಿ ಹರಿಯುವ ನಾಲಾಗಳನ್ನು (ಹಳ್ಳಗಳನ್ನು) ಬೆಳಿಗ್ಗೆಯೇ ದಾಟಿ, ಮಧ್ಯಾಹ್ನದ ಹೊತ್ತಿಗೆ ನೀರು ಏರುತ್ತದೆ. ಮತ್ತೆ, ಅಲ್ಲಿಯ ಕಲ್ಲು ದಾರಿಯ ನಡುಕಕ್ಕೆ ನಟ್ಟು ಬೋಲ್ಟು ಸಡಿಲಾಗುತ್ತವೆ. ಪ್ರತಿ ಸಂಜೆ ಗಾಡಿ ನಿಲ್ಲಿಸಿದ ಮೇಲೆ ಚಕ್ರದ ನಟ್ಟು, ಸಾಮಾನು ಕಟ್ಟಿದ ಪಟ್ಟಿ, ಬ್ಯಾಟರಿಯ ಕ್ಲಾಂಪ್ ಒಂದು ಸುತ್ತು ಕೈಯಿಂದ ಮುಟ್ಟಿ ನೋಡಿ, ಒಂದು ಸಲ ಟಾರ್ಚ್ ಹಿಡಿದು ಗಾಡಿ ಕೆಳಗೆ ಆಯಿಲ್ ಸೋರಿದೆಯಾ ಅಂತ ಬಗ್ಗಿ ನೋಡಿ.